ಹಳೇ ರ‍್ಯಾಕ್ ವೋಕೋಡರ್ ತಗೊಳ್ಳೋ ಯೋಚ್ನೆ ಇದೆ, ಗಮಕ ಉಳಿಯತ್ತಾ?

ತಾರಸಿ_ತಂಬೂರಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಕೇಳ್ತಿರೋದು ಇದೇ ಮೊದಲು, ಸ್ವಲ್ಪ ಉದ್ದ ಆಗತ್ತೆ ಬೈಕೋಬೇಡಿ.

ಮೈಸೂರಲ್ಲಿ ನಮ್ದೊಂದು ನಾಲ್ಕು ಜನದ ಬ್ಯಾಂಡಿದೆ. ಡ್ರಮ್ಸು, ಬೇಸು, ನಮ್ಮಕ್ಕ ವಯಲಿನ್ (ಕರ್ನಾಟಕ ಸಂಗೀತ ಸೀನಿಯರ್ ಮುಗ್ಸಿದಾಳೆ), ನಾನು ಕೀಬೋರ್ಡು ಮತ್ತೆ ಹಾಡೋದು. ಎರಡು ಹಾಡು ಮಾಡ್ಕೊಂಡಿದೀವಿ, ಸಾಹಿತ್ಯ ನಮ್ದೇ, ಒಂದು ಹಂಸಧ್ವನಿ, ಇನ್ನೊಂದು ತೋಡಿ ಥರ ಅಂತ ಇಟ್ಕೊಳಿ. ಎರಡ್ರಲ್ಲೂ ಪಲ್ಲವಿ ಮಾತ್ರ ಆ ಹಳೇ ಯಂತ್ರ ಮಾತಾಡೋ ಥರ ದನಿಯಲ್ಲಿ, ಅಂದ್ರೆ ವೋಕೋಡರ್ ದನಿಯಲ್ಲಿ, ಬರ್ಬೇಕು ಅನ್ನೋದು ನನ್ನ ಆಸೆ. ಲ್ಯಾಪ್‌ಟಾಪ್ ಸ್ಟೇಜ್ ಮೇಲೆ ಇಡಕ್ಕೆ ಇಷ್ಟ ಇಲ್ಲ, ಒಂದ್ಸಲ ಕಾಲೇಜ್ ಫೆಸ್ಟಲ್ಲಿ ಅದು ಹಾಡಿನ ಮಧ್ಯ ಅಪ್‌ಡೇಟ್ ಶುರು ಮಾಡ್ಕೊಂಡು ಮಾನ ಹೋಗಿದೆ.

ಈಗ ನನ್ನ ಮುಂದಿರೋದು ಮೂರು ಪೆಟ್ಟಿಗೆ:

ಜಪಾನಲ್ಲಿ ನಮ್ಮ ಭಾವನ ಸ್ನೇಹಿತರೊಬ್ರು ಇದಾರೆ, ಅಲ್ಲೊಂದು ಸೆಕೆಂಡ್‌ಹ್ಯಾಂಡ್ ಅಂಗಡೀಲಿ ರೋಲ್ಯಾಂಡ್ ಎಸ್‌ವಿಸಿ-350 ಇದ್ಯಂತೆ. ಬೆಲೆ ಜಾಸ್ತಿನೇ, ಅದ್ರ ಮೇಲೆ ಕಸ್ಟಮ್ಸು. ಎರಡ್ನೇದು ಬೆಂಗಳೂರಲ್ಲಿ ಒಬ್ರ ಹತ್ರ ಕೋರ್ಗ್ ಡಿವಿಪಿ-1, ಅರ್ಧಕ್ಕಿಂತ ಕಮ್ಮಿ ರೇಟು. ಮೂರ್ನೇದು ಮುಚ್ಚಿಹೋಗ್ತಿರೋ ಒಂದು ಸ್ಟುಡಿಯೋದಲ್ಲಿ ಡಿಜಿಟೆಕ್ ವೋಕಲಿಸ್ಟ್, ಇದು ಎಲ್ಲಕ್ಕಿಂತ ಅಗ್ಗ, ಮಾರೋರು "ಇದ್ರಲ್ಲೂ ವೋಕೋಡರ್ ಮೋಡ್ ಇದೆ, ಎಲ್ಲಾ ಒಂದೇ" ಅಂತಿದಾರೆ.

ನನ್ನ ಮುಖ್ಯ ಪ್ರಶ್ನೆ: ನಾನು ಗಮಕ ಹಾಕಿ, ಅಂದ್ರೆ ಸ್ವರ ತೂಗಿ, ಹಾಡಿದ್ರೆ ಅದು ಆ ಕಡೆ ಗಮಕವಾಗೇ ಬರತ್ತಾ? ಮತ್ತೆ ಜಪಾನ್ ಪೆಟ್ಟಿಗೆ ನಮ್ಮ ಕರೆಂಟಿಗೆ ಹಾಕ್ಬಹುದಾ? ತಿಳ್ದೋರು ಹೇಳಿ.

ಮೂಲೆಮನೆ_ಫಿಲ್ಟರ್:

ಗುರು, ಎಲ್ಲಾ ಒಂದೇ ಅಂದೋರ ಮಾತು ಬಿಟ್ಬಿಡು. ಮೂರೂ ಬೇರೆ ಬೇರೆ ಜಾತಿ. ಮೊದ್ಲು ಗಮಕದ ಪ್ರಶ್ನೆಗೆ ನೇರ ಉತ್ತರ: ವೋಕೋಡರಲ್ಲಿ ನಿನ್ನ ಗಮಕ ಬರಲ್ಲ. ಒಂದು ಚೂರೂ ಬರಲ್ಲ. ಯಾಕಂದ್ರೆ ವೋಕೋಡರ್ ನಿನ್ನಿಂದ ತಗೊಳ್ಳೋದು ಬಾಯಿ ಮಾತ್ರ, ಗಂಟಲಲ್ಲ.

ಒಳಗೆ ಆಗೋದು ಇಷ್ಟು. ನಿನ್ನ ದನಿ ಹತ್ತು ಹನ್ನೊಂದು ಫಿಲ್ಟರ್‌ಗೆ ಹಂಚಿ ಹೋಗತ್ತೆ, ಎಸ್‌ವಿಸಿ-350ರಲ್ಲಿ 11. ಪ್ರತಿ ಫಿಲ್ಟರಿಂದ ಬರೋದು ಈಗ ಎಷ್ಟು ಜೋರಿದೆ ಅಂತ ಮಾತ್ರ ಅಳೀತಾರೆ, ಆ ದನಿ ಅಲ್ಲಿಗೇ ಮುಗೀತು, ಅದನ್ನ ಬಿಸಾಕ್ತಾರೆ. ಇನ್ನೊಂದು ಕಡೆಯಿಂದ ಕೀಬೋರ್ಡೋ ಗಿಟಾರೋ ಏನೋ ಒಂದು ಬರತ್ತಲ್ಲ, ಅದೇ ಕ್ಯಾರಿಯರ್, ಅದನ್ನೂ ಹಾಗೇ 11 ಪಾಲು ಮಾಡಿ ಒಂದೊಂದು ಪಾಲಿನ ವಾಲ್ಯೂಮನ್ನ ನಿನ್ನ ದನಿಯ ಅಳತೆ ಕುಣಿಸಿದ ಹಾಗೆ ಕುಣಿಸ್ತಾರೆ. ಹಂಗಾಗಿ ಅಕ್ಷರ ನಿಂದು, ಸ್ವರ ಕೀಬೋರ್ಡಿಂದು. ನಂಬಿಕೆ ಬರ್ಲಿಲ್ಲ ಅಂದ್ರೆ ಮೈಕಲ್ಲಿ ಬರೀ ಪಿಸುಮಾತು ಹೇಳು, ಗಂಟಲು ಅಲ್ಲಾಡೋದೇ ಇಲ್ಲ, ಆದ್ರೂ ಅದು ಕೀಬೋರ್ಡ್ ಹಿಡ್ದಿರೋ ಸ್ವರದಲ್ಲಿ ಹಾಡತ್ತೆ. ನೀನು ತೋಡಿ ಗಾಂಧಾರ ಎಷ್ಟೇ ಚೆನ್ನಾಗಿ ತೂಗಿದ್ರೂ ಕೀ ಮೇಲೆ ಬೆರಳು ಒಂದೇ ಕಡೆ ಇದ್ರೆ ಆ ಕಡೆ ಬರೋದು ಕೋಲು ನೆಟ್ಟ ಹಾಗೆ ಒಂದೇ ಸ್ವರ.

ತಮಾಷೆ ಅಂದ್ರೆ ಇದನ್ನ ಕಂಡುಹಿಡ್ದೋರು ಸ್ವರ ಬಿಸಾಕಿರ್ಲಿಲ್ಲ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಕೆಲಸ ಶುರು ಮಾಡಿದ್ದು ಟೆಲಿಫೋನ್ ತಂತೀಲಿ ಮಾತನ್ನ ಕಮ್ಮಿ ಜಾಗದಲ್ಲಿ ತುರುಕಕ್ಕೆ. ಅದ್ರಲ್ಲಿ ಮಾತಾಡೋರ ಪಿಚ್ಚನ್ನೂ (ಸ್ವರದ ಎತ್ತರ) ಬೇರೆ ಚಾನೆಲಲ್ಲಿ ಕಳಿಸ್ತಿದ್ರು. ಎರಡ್ನೇ ಮಹಾಯುದ್ಧದಲ್ಲಿ ರೂಸ್ವೆಲ್ಟ್-ಚರ್ಚಿಲ್ ಗುಟ್ಟಿನ ಫೋನಿಗೆ ಬಳಸಿದ ಸಿಗ್‌ಸ್ಯಾಲಿ ಯಂತ್ರದಲ್ಲೂ ಅಷ್ಟೇ, 10 ಚಾನೆಲ್ ಅಕ್ಷರಕ್ಕೆ, 2 ಚಾನೆಲ್ ಪಿಚ್ಚಿಗೆ, ತೂಕ ಒಂದು ಐವತ್ತು ಟನ್ನು. 1939ರ ನ್ಯೂಯಾರ್ಕ್ ವರ್ಲ್ಡ್ಸ್ ಫೇರಲ್ಲಿ ಇದ್ರದ್ದೇ ತಂಗಿ ವೋಡರ್ ಅಂತ ತೋರಿಸಿದ್ರು, ಅದನ್ನ ಹೆಣ್ಮಕ್ಕಳು ಕೈಯಲ್ಲಿ ನುಡಿಸ್ತಿದ್ರು, ಹತ್ತು ಬೆರಳಿಗೆ ಹತ್ತು ಫಿಲ್ಟರು, ಪಿಚ್ಚಿಗೆ ಕಾಲಡಿ ಒಂದು ಪೆಡಲು. ಅಂದ್ರೆ ಗಮಕಕ್ಕೆ ಕಾಲು! ಆಮೇಲೆ ಸಂಗೀತದೋರ ಕೈಗೆ ಬಂದಾಗ "ಪಿಚ್ ನಾವೇ ಕೀಬೋರ್ಡಿಂದ ಕೊಡ್ತೀವಿ" ಅಂತ ಆ ಚಾನೆಲ್ ಕಿತ್ತು ಹಾಕಿದ್ರು. ಕಾರ್ಡ್ ಹಿಡ್ದು ಒಬ್ನೇ ಕೋರಸ್ ಹಾಡೋರಿಗೆ ಅದು ವರ, ನಮ್ಮಂಥೋರಿಗೆ ಸ್ವಲ್ಪ ನಷ್ಟ.

ಈಗ ನಿನ್ನ ಮೂರು ಪೆಟ್ಟಿಗೆ.

ಡಿಜಿಟೆಕ್ ವೋಕಲಿಸ್ಟ್. ಹಾರ್ಮನಿ ಪೆಟ್ಟಿಗೆ ಅದು, ವೋಕೋಡರ್ ಅಲ್ಲ. ಕೆನಡಾದ ಐವಿಎಲ್ ಕಂಪ್ನಿ ತಂತ್ರಜ್ಞಾನ, 90ರ ದಶಕದ ಶುರುವಿನದು, ನೀನು ಹಾಡಿದ್ದನ್ನೇ ಎತ್ತಿ ಇಳ್ಸಿ ಜೊತೆ ದನಿ ಮಾಡತ್ತೆ. ಅದ್ರಲ್ಲಿ "ವೋಕೋಡರ್" ಅಂತ ಒಂದು ಮೋಡ್ ಇರೋದು ನಿಜ, ಆದ್ರೆ ಅದ್ರರ್ಥ ಜೊತೆ ದನಿ ಯಾವ ಸ್ವರಕ್ಕೆ ಹೋಗ್ಬೇಕು ಅಂತ ಮಿಡಿ (ಯಾವ ಕೀ ಒತ್ತಿದೆ ಅಂತ ಪೆಟ್ಟಿಗೆಗೆ ತಿಳಿಸೋ ಸಂಕೇತ) ಕೀಬೋರ್ಡಿಂದ ಹೇಳ್ಬಹುದು ಅಂತ. ಕೇಳ್ಸೋದು ಮನುಷ್ಯನ ದನಿನೇ, ಯಂತ್ರದ ದನಿ ಅಲ್ಲ. ಎಷ್ಟೋ ಜನ ಈ ಒಂದು ಪದ ನೋಡಿ ದುಡ್ಡು ಕಳ್ಕೊಂಡಿದಾರೆ. ಇನ್ನು ಅದ್ರ ಸ್ಕೇಲ್ ಮೋಡಿಗೆ ರಾಗ ಗೊತ್ತಿಲ್ಲ. ಮೇಜರ್ ಸ್ಕೇಲಿಟ್ಟು "ಮೇಲಿನ ಮೂರ್ನೇ ಸ್ವರ" ಅಂತ ಹೇಳಿ ಹಂಸಧ್ವನಿ ಹಾಡು: ಸ ಹಾಡಿದ್ರೆ ಗ ಬರತ್ತೆ, ಸರಿ. ಗ ಹಾಡಿದ್ರೆ ಪ, ಸರಿ. ರಿ ಹಾಡಿದ್ರೆ ಮ ಬರತ್ತೆ! ಹಂಸಧ್ವನೀಲಿ ಮ ಎಲ್ಲಿಂದ ಬಂತು? ತೋಡೀಲಿ ಇನ್ನೂ ಗತಿಗೇಡು, ನಿನ್ನ ಗಾಂಧಾರ ರಿ-ಮ ಮಧ್ಯ ತೂಗ್ತಿರತ್ತೆ, ಪಾಪ ಅದಕ್ಕೆ ಯಾವ ಸ್ವರ ಅಂತ ಲೆಕ್ಕಕ್ಕೆ ಸಿಗ್ದೆ ಜೊತೆ ದನಿ ಆಕಡೆ ಈಕಡೆ ಹಾರ್ತಾನೇ ಇರತ್ತೆ, ಕುಡ್ದೋರು ಸೈಕಲ್ ಹೊಡ್ದ ಹಾಗೆ.

ಕೋರ್ಗ್ ಡಿವಿಪಿ-1, 1985ರ ಆಸುಪಾಸಿನ ಡಿಜಿಟಲ್ ಪೆಟ್ಟಿಗೆ. ಇದು ನಿಜವಾದ ವೋಕೋಡರೇ, ಜೊತೆಗೆ ಪಿಚ್ ಶಿಫ್ಟೂ ಇದೆ. ಆದ್ರೆ ಕ್ಯಾರಿಯರ್ ಅದ್ರೊಳಗೇ ಹುಟ್ಟೋದು, ಮಿಡಿಯಿಂದ ನೋಟ್ ಕೊಡ್ಬೇಕು. ದನಿ ಸ್ವಲ್ಪ ಗಾಜು ಗಾಜು, ಚಳಿಗಾಲದ ಥರ. ನಂಗೆ ಇಷ್ಟಾನೇ, ಆದ್ರೆ ನೀನು ಕೇಳಿರೋ "ಹಳೇ ಯಂತ್ರ" ಅದಲ್ಲ ಅನ್ಸತ್ತೆ.

ಎಸ್‌ವಿಸಿ-350. ರೋಲ್ಯಾಂಡ್‌ದು 1979ರಲ್ಲಿ ವಿಪಿ-330 ಅಂತ ಕೀಬೋರ್ಡ್ ಬಂತಲ್ಲ, ಅದ್ರ ವೋಕೋಡರ್ ಭಾಗಾನ ರ‍್ಯಾಕಿಗೆ ಹಾಕಿದ ಹಾಗೆ. ಅನಲಾಗು, ಮೇಲೆ ಒಂದು ದನಿ ಹಲವು ದನಿ ಥರ ಕೇಳ್ಸೋ ಆ ಎನ್ಸೆಂಬಲ್ ಎಫೆಕ್ಟು, ಹಾಕಿದ ತಕ್ಷಣ ದನಿ ಉಣ್ಣೆ ಹೊದ್ಕೊಂಡ ಹಾಗೆ ಆಗತ್ತೆ. ಮುಖ್ಯವಾದ್ದು ಏನಂದ್ರೆ ಇದಕ್ಕೆ ಕ್ಯಾರಿಯರ್ ಹೊರಗಿಂದ ಕೊಡ್ಬೇಕು, ಗಿಟಾರ್‌ಗೇ ಅಂತ ಬೇರೆ ಇನ್‌ಪುಟ್ ಇದೆ. ಹೊರಗಿಂದ ಅಂದ್ಮೇಲೆ ಕೀಬೋರ್ಡೇ ಯಾಕಾಗ್ಬೇಕು? ಮನೇಲೇ ವಯಲಿನ್ ಇದೆ ನಿಂಗೆ!

ಯೋಚ್ನೆ ಮಾಡು. ಬಿಲ್ಲಿಂದ ಎಳೆದ ತಂತಿ ಅಲ್ಲಾಡೋದೇ ಹೆಚ್ಚುಕಮ್ಮಿ ಗರಗಸದ ಹಲ್ಲಿನ ಆಕಾರದಲ್ಲಿ, ಸಿಂಥಲ್ಲಿ ಸಾ-ವೇವ್ ಅಂತೀವಲ್ಲ ಅದೇ. ಹಾರ್ಮೋನಿಕ್ಸ್ (ಮೂಲ ಸ್ವರದ ಎರಡರಷ್ಟು, ಮೂರರಷ್ಟು ಹೀಗೆ ಮೇಲೆ ಇರೋ ಸ್ವರಗಳು) ತುಂಬ್ಕೊಂಡಿರತ್ತೆ, ವೋಕೋಡರಿಗೆ ಬೇಕಾದ್ದೇ ಅದು. ಗಮಕ ಅಕ್ಕ ಹಾಕ್ತಾಳೆ, ಅಕ್ಷರ ನೀನು ಹಾಕು. ನಿನ್ನ ಬಾಯಿ, ಅವಳ ಬೆರಳು.

ಕಂಪ್ಯೂಟರ್_ಸಾಕು_ಗುರು:

ಇಷ್ಟೆಲ್ಲಾ ಯಾಕೆ, ಒಂದು ಪ್ಲಗಿನ್ ಹಾಕು ಮುಗೀತು. ಫ್ರೀ ಸಿಗತ್ತೆ. ಒಂದು ಲಕ್ಷ ಉಳೀತು, ಗೋವಾಗೆ ಹೋಗ್ಬಾ.

ತಾರಸಿ_ತಂಬೂರಿ:

@ಕಂಪ್ಯೂಟರ್_ಸಾಕು ಅಪ್‌ಡೇಟ್ ಕಥೆ ಓದ್ಲಿಲ್ವಾ ಸರ್ 🙂

@ಮೂಲೆಮನೆ ಅಣ್ಣಾ ಇದನ್ನ ಓದಿ ಅಕ್ಕಂಗೆ ತೋರಿಸ್ದೆ, "ಅಂದ್ರೆ ನಾನು ನಿಲ್ಸಿದ್ರೆ ನಿನ್ನ ಬಾಯಿ ಮುಚ್ಚತ್ತಾ" ಅಂತ ಕೇಳಿದ್ಲು. ಹೌದು ಅಂದೆ. ತುಂಬಾ ಖುಷಿಯಾಗಿದಾಳೆ. ವಯಲಿನ್ ಹಾಕೋದ್ರಲ್ಲಿ ಬೇರೆ ತೊಂದ್ರೆ ಏನಾದ್ರೂ ಇದ್ಯಾ? ಅವಳ್ದು ವಯಲಿನ್ ಸೇತುವೆಗೆ ಸಿಗಿಸೋ ಪೀಜೋ ಪಿಕಪ್ಪು, ಮೈಕ್ ಬದ್ಲು ಕಂಪನ ಹಿಡಿಯೋದು.

ಮೂಲೆಮನೆ_ಫಿಲ್ಟರ್:

ಇದೆ, ಎರಡು.

ಒಂದು ಪಿಕಪ್. ಪೀಜೋನ ನೇರ ಚುಚ್ಬೇಡ, ಮಧ್ಯ ಒಂದು ಪ್ರೀಆಂಪ್ (ಸಿಗ್ನಲ್ ಎತ್ತಿ ಕೊಡೋ ಸಣ್ಣ ಪೆಟ್ಟಿಗೆ) ಬೇಕು, ಇಲ್ದಿದ್ರೆ ತೆಳ್ಳಗೆ ಸೊಳ್ಳೆ ಥರ ಬರತ್ತೆ, ಆ 11 ಪಾಲಲ್ಲಿ ಕೆಳಗಿನ ಪಾಲುಗಳಿಗೆ, ಅಂದ್ರೆ ಬ್ಯಾಂಡುಗಳಿಗೆ, ಊಟಾನೇ ಇರಲ್ಲ.

ಎರಡ್ನೇದು ಸ್ಥಾಯಿ, ಇದನ್ನ ಜನ ಮರೀತಾರೆ. ಸ್ವರ ಮೇಲೆ ಹೋದಷ್ಟೂ ಮಾತು ಅರ್ಥ ಆಗಲ್ಲ. ಲೆಕ್ಕ ಹಾಕು: ಅಕ್ಕ ತಾರಸ್ಥಾಯೀಲಿ 600 ಹರ್ಟ್ಸ್ ಸುತ್ತ ನುಡಿಸ್ತಿದಾಳೆ ಅಂದ್ರೆ ಹಾರ್ಮೋನಿಕ್ಸ್ ಇರೋದು 600, 1200, 1800, ಹಿಂಗೆ. 600ಕ್ಕಿಂತ ಕೆಳಗಿನ ಫಿಲ್ಟರ್‌ಗಳಿಗೆ ಬಂದು ಸೇರೋದು ಏನೂ ಇಲ್ಲ, ನೀನು "ಊ" "ಈ" ಏನಂದ್ರೂ ಅಲ್ಲಿ ತೆರೆಯೋ ಬಾಗಿಲ ಹಿಂದೆ ಕತ್ತಲೆ. ಮಂದ್ರ, ಮಧ್ಯ ಸ್ಥಾಯೀಲಿ ಇಟ್ಕೊಳಿ. ಇಲ್ಲಾಂದ್ರೆ ನಿನ್ನ ಕೀಬೋರ್ಡಿಂದ ಕೆಳಗಿನ ಷಡ್ಜ ಒಂದು ಸಾ-ವೇವಲ್ಲಿ ಸಣ್ಣಗೆ ಜೊತೆಗೆ ಸೇರ್ಸು, ಶ್ರುತಿ ಇಟ್ಟ ಹಾಗೂ ಆಯ್ತು, ಮಾತೂ ಬಿಡ್ಸಿ ಕೇಳತ್ತೆ.

ಇನ್ನೂ ಒಂದು, ಬರೀ ಆಸೆಗೆ ಹೇಳ್ತಿದೀನಿ. ದನಿ ಯಂತ್ರದ್ದಾಗೋದು ಮುಖ್ಯ ಅಲ್ಲ, ಗಮಕ ನಿಂದೇ ಉಳೀಬೇಕು ಅನ್ನೋದಾದ್ರೆ ಹುಡುಕ್ಬೇಕಾದ್ದು ಈವೆಂಟೈಡ್ ಎಚ್910 ಕಡೆಯವು. 1975ರದ್ದು, ಹಾರ್ಮನೈಸರ್ ಅನ್ನೋ ಹೆಸರು ಬಂದಿದ್ದೇ ಅದ್ರಿಂದ. ಅದು ದನಿಯನ್ನ ಮೆಮೊರಿಗೆ ಬರ್ಕೊಂಡು ಬೇರೆ ಸ್ಪೀಡಲ್ಲಿ ಓದತ್ತೆ ಅಷ್ಟೇ, ಯಾವ ಸ್ವರ ಅಂತ ಯೋಚ್ನೇನೇ ಮಾಡಲ್ಲ, ಆ ದಡ್ಡತನವೇ ನಮಗೆ ಲಾಭ. ನೀನು ತೂಗಿದ್ದು ಹಂಗಂಗೇ ಒಂದು ಪಂಚಮ ಮೇಲೆ ತೂಗತ್ತೆ. ಓದೋದು ಬರಿಯೋದನ್ನ ಹಿಂದೆ ಹಾಕೋ ಜಾಗದಲ್ಲಿ ಟಕ್ ಟಕ್ ಅಂತ ಜೋಡಣೆ ಕೇಳತ್ತೆ, ಆಮೇಲೆ ಎಚ್949ರಲ್ಲಿ ಅದನ್ನ ಕಮ್ಮಿ ಮಾಡಿದ್ರು. ಬೆಲೆ ಮಾತ್ರ ಕೇಳ್ಬೇಡ, ಮನೆ ಅಡ ಇಡ್ಬೇಕು.

ಹುಬ್ಬಳ್ಳಿ_ಸೋಲ್ಡರ್:

ಕರೆಂಟಿನ ಸುದ್ದಿಗೆ ಯಾರೂ ಉತ್ತರ ಕೊಟ್ಟಿಲ್ಲಲ್ರಿ, ನಾ ಹೇಳ್ತೀನಿ ಕೇಳ್ರಿ.

ಜಪಾನ್ ಮಾಲು 100 ವೋಲ್ಟಿಂದು. ನಮ್ಮದು 230. ಪಿನ್ ಅಡಾಪ್ಟರ್ ಹಾಕಿ ಸೀದಾ ಚುಚ್ಚಿದ್ರ ಒಳಗಿನ ಟ್ರಾನ್ಸ್‌ಫಾರ್ಮರ್ ಹೊಗಿ ಆಗ್ತೈತಿ, ಎರಡ್ನೇ ಮಾತಿಲ್ಲ. ಹೋದ ವರ್ಷ ನನ್ನ ಟೇಬಲ್ ಮ್ಯಾಲೆ ಒಂದು ಬಂದಿತ್ತು, ಜಪಾನಿಂದ ತರಿಸಿದ್ದು, ಡಬ್ಬಿ ಬಿಚ್ಚಿದವ್ರಿಗೆ ಖುಷಿಯೊಳಗ ಹಿಂದಿನ ಚೀಟಿ ಓದೂ ಸಮಾಧಾನ ಇಲ್ಲ. ಕೇವಲ ಐದು ಸೆಕೆಂಡ್ ಹಾಡ್ತಂತ. ಮ್ಯಾಲಿನ ಮುಚ್ಚಳ ತಗದ್ರ ವಾರ್ನಿಷ್ ಕರಗಿ ಬೆಲ್ಲದ ಪಾಕ ಹರದಂಗ ಚಾಸಿ ತುಂಬ ಹರದಿತ್ತು.

ಮತ್ತ ಅಂಗಡಿಯೊಳಗ ಸಿಗೂ 230ರಿಂದ 110 ಸ್ಟೆಪ್‌ಡೌನ್ ತಂದು ಕೈ ತೊಳ್ಕೊಬ್ಯಾಡ್ರಿ. 100ರ ಪೆಟಗಿಗೆ 110 ಅಂದ್ರ ಮೊದಲ 10 ಪರ್ಸೆಂಟ್ ಹೆಚ್ಗಿ. ನಮ್ಮ ಕಡೆ ರಾತ್ರಿ ಕರೆಂಟ್ 245 ತನಕ ಏರತೈತಿ, ಅವಾಗ ಆ 110 ಹೋಗಿ 117 ಆಗ್ತೈತಿ. ಒಂದೇ ದಿನಕ್ಕ ಸುಡಂಗಿಲ್ಲ ಖರೆ, ಆದ್ರ ಒಳಗಿನ ರೆಗ್ಯುಲೇಟರ್ ಕಾದು ಕಾದು ಬಾಜೂಕಿನ ಕೆಪಾಸಿಟರ್ ಒಣಗಿಸ್ತೈತಿ. ಟ್ರಾನ್ಸ್‌ಫಾರ್ಮರ್ ಸುತ್ತವ್ರ ಹತ್ರ ಹೋಗಿ 100 ವೋಲ್ಟಿಗೆ ಸುತ್ತಿ ಕೊಡ್ರಿ, 100 ವಿಎ ಸಾಕು, ಪ್ರೈಮರಿ ಸೆಕೆಂಡರಿ ಬ್ಯಾರೆ ಬ್ಯಾರೆ ಇರ್ಲಿ ಎರಡಕ್ಕೂ ಒಂದೇ ಸುತ್ತು ಇರೂ ಆಟೋ ಬ್ಯಾಡ ಅಂತ ಬಾಯಿ ಬಿಟ್ಟು ಹೇಳ್ರಿ. ಮೈಸೂರಾಗ ಸಿಗ್ಲಿಲ್ಲಂದ್ರ ಬೆಂಗಳೂರು ಎಸ್‌ಪಿ ರೋಡ್ ಐತಲ್ಲ. 50 ಹರ್ಟ್ಸ್ 60 ಹರ್ಟ್ಸ್ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಜಪಾನಿನ ಪೂರ್ವದ ಕಡೆ 50, ಪಶ್ಚಿಮದ ಕಡೆ 60, ಅಲ್ಲಿಯ ಮಾಲು ಎರಡಕ್ಕೂ ಮಾಡಿರ್ತಾರ.

ಕೊಳ್ಳೂಕಿಂತ ಮೊದಲ ಆ ಜಪಾನಿನ ಸ್ನೇಹಿತರಿಗೆ ಒಂದು ಪರೀಕ್ಷೆ ಮಾಡ್ಸಾಕ ಹೇಳ್ರಿ. ಅಂಗಡಿಯವ್ರು "ಹಲೋ ಹಲೋ" ಅಂದು ಸೌಂಡ್ ಬಂತು ಅಂತ ತೋರಸ್ತಾರ, ಅದು ಪರೀಕ್ಷೆ ಅಲ್ಲ, 11ರಾಗ ನಾಲ್ಕು ಬ್ಯಾಂಡ್ ಸತ್ತಿದ್ರೂ ಹಲೋ ಅನ್ನೂದು ಕೇಳ್ತೈತಿ. ಇನ್‌ಸ್ಟ್ರುಮೆಂಟ್ ಕಡೆಗೆ ಮೊಬೈಲಿಂದ ವೈಟ್ ನಾಯ್ಸ್ ಕೊಡಬೇಕು, ಅಂದ್ರ ಆ ಮಳಿ ಸುರದಂಗ ಸುಂಯ್ ಅನ್ನೂ ಸಪ್ಪಳ. ಮೈಕ್ ಕಡೆಗೆ ಇನ್ನೊಂದು ಮೊಬೈಲಿಂದ ಸೈನ್ ಟೋನ್, 150ರಿಂದ 5000 ಹರ್ಟ್ಸ್ ತನಕ ನಿಧಾನಕ್ಕ ಏರಿಸ್ಕೋತ ಹೋಗಬೇಕು. ಟೋನ್ ಏರಿದಂಗ ಆ ಮಳಿ ಸಪ್ಪಳಾನೂ ಮೆಟ್ಟಲಾ ಮೆಟ್ಟಲಾ ಏರಬೇಕು. ನಡಕ ಎಲ್ಲೆರ ಗಪ್ ಆದ್ರ ಆ ಬ್ಯಾಂಡ್ ಸತ್ತೈತಿ. ಇನ್ನ ಮೈಕ್ ಪೂರ್ತಿ ಬಂದ್ ಮಾಡಿದಾಗ ನಾಯ್ಸ್ ಪೂರ್ತಿ ಗಪ್ ಆಗಬೇಕು, ಒಳಗಿಂದ ಪಿಸಿಪಿಸಿ ಬರಾಕತ್ತಿದ್ರ ವಿಸಿಎ (ಬ್ಯಾಂಡಿನ ವಾಲ್ಯೂಮ್ ಏರಿಸಿ ಇಳಿಸೂ ಸರ್ಕ್ಯೂಟ್) ಸೋರಾಕತ್ತೈತಿ ಅಂತ ಅರ್ಥ, ಅದು ಟ್ರಿಮ್ ಮಾಡಿದ್ರ ಹೋಗ್ತೈತಿ, ಅದಕ್ಕ ಅಂಜಬ್ಯಾಡ್ರಿ, ರೇಟ್ ಇಳಿಸಾಕ ಒಂದು ನೆಪ ಸಿಕ್ತು ಅನ್ಕೋರಿ.

ಡಿವಿಪಿ-1 ತಗೊಂಡ್ರ ಒಳಗಿನ ಮೆಮೊರಿ ಬ್ಯಾಟರಿ ಮೊದಲ ಬದಲಿ ಮಾಡ್ಸ್ರಿ. ನಾಲ್ವತ್ತು ವರ್ಷದ ಮಾಲು.

ಶ್ರುತಿಪೆಟ್ಟಿಗೆ:

ನಾನು ಹಾಡೋಳು, ವಯರು ಗಿಯರು ಗೊತ್ತಾಗಲ್ಲ, ಆದ್ರೆ ಒಂದು ಸ್ಟುಡಿಯೋದಲ್ಲಿ ಹಳೇ ವೋಕೋಡರಿಗೆ ಎರಡು ದಿನ ಹಾಡಿ ಸುಸ್ತಾಗಿ ಬಂದಿದೀನಿ, ಆ ಅನುಭವ ಹೇಳ್ತೀನಿ. ಸಾಹಿತ್ಯ ನಿಮ್ದೇ ಅಂದ್ರಲ್ಲ, ಹಾಗಾದ್ರೆ ಪದ ಬದಲಾಯಿಸೋ ಸ್ವಾತಂತ್ರ್ಯ ಇದೆ, ಅದು ದೊಡ್ಡ ವಿಷಯ.

ನಾನು ಹಾಡಿದ ಸಾಲಲ್ಲಿ "ಹಳ್ಳಿ" ಅಂತ ಬರ್ತಿತ್ತು. ಪ್ರತಿ ಸಲಾನೂ "ಹಲ್ಲಿ" ಅಂತಾನೇ ಕೇಳ್ತಿತ್ತು. ನಾಲಿಗೆ ಮಡಿಸಿ ಮಡಿಸಿ ನೋವು ಬಂತು, ಉಹುಂ, ಹಲ್ಲಿನೇ. ಕೊನೆಗೆ ಇಂಜಿನಿಯರ್ ನಕ್ಕು "ಮೇಡಂ ಊರು ಅಂತ ಮಾಡ್ಕೊಳಿ" ಅಂದ್ರು.

ಮೂಲೆಮನೆ_ಫಿಲ್ಟರ್:

ಹಹ್ಹ ಇದು ನಿಮ್ಮ ನಾಲಿಗೆ ತಪ್ಪಲ್ಲ ಮೇಡಂ, ಫಿಲ್ಟರ್ ಲೆಕ್ಕದ್ದು. ಲ ಮತ್ತು ಳ ನಡುವಿನ ವ್ಯತ್ಯಾಸ ಬಹುಪಾಲು ಇರೋದು ದನಿಯ ಮೂರನೇ ಫಾರ್ಮೆಂಟಲ್ಲಿ (ಫಾರ್ಮೆಂಟ್ ಅಂದ್ರೆ ಬಾಯಿಯ ಆಕಾರದಿಂದ ದನಿ ಜೋರಾಗೋ ಜಾಗ), ನಾಲಿಗೆ ಮಡಿಸಿದ್ರೆ ಅದು ಕೆಳಕ್ಕೆ ಇಳಿಯತ್ತೆ, ಎರಡೂವರೆ ಸಾವಿರ ಹರ್ಟ್ಸ್ ಸುತ್ತಮುತ್ತ ಇದ್ದಿದ್ದು ಎರಡು ಸಾವಿರದ ಕಡೆಗೆ. 150ರಿಂದ 5000 ಅಂದ್ರೆ ಸುಮಾರು ಐದು ಸ್ಥಾಯಿ, ಅದನ್ನ 11 ಪಾಲು ಮಾಡಿದ್ರೆ ಒಂದೊಂದು ಬ್ಯಾಂಡೂ ಅರ್ಧ ಸ್ಥಾಯಿ ಅಗಲ. ಆ ಇಳಿತ ಒಂದೇ ಬ್ಯಾಂಡೊಳಗೇ ನಡ್ದು ಹೋಗತ್ತೆ, ಪೆಟ್ಟಿಗೆಗೆ ಗೊತ್ತೇ ಆಗಲ್ಲ. ಸೆನ್‌ಹೈಸರ್ ವಿಎಸ್‌ಎಮ್201ರಲ್ಲಿ 20 ಚಾನೆಲ್, ಇಎಮ್‌ಎಸ್ 5000ದಲ್ಲಿ 22, ಅಂಥದ್ರಲ್ಲಿ ಹಳ್ಳಿ ಹಳ್ಳಿಯಾಗೇ ಉಳಿಯೋ ಸಾಧ್ಯತೆ ಜಾಸ್ತಿ. ಇಂಗ್ಲಿಷಲ್ಲಿ ಹಾಡೋರಿಗೆ ಹತ್ತು ಬ್ಯಾಂಡ್ ಸಾಕಾಗಿತ್ತು, ಟ ಠ ಡ ಣ ಳ ಎಲ್ಲಾ ಇಟ್ಕೊಂಡಿರೋ ನಮ್ಗೆ ಸಾಲಲ್ಲ.

ಶ್ರುತಿಪೆಟ್ಟಿಗೆ:

ಓಹೋ ಹಾಗಾ! ಎರಡು ದಿನ ನನ್ನನ್ನೇ ಬೈಕೊಂಡಿದ್ದೆ.

ಸರಿ, ಉಳಿದದ್ದು. ಒತ್ತಕ್ಷರ ಬಂದಾಗ ಮಧ್ಯದ ತಡೆ ಬೇಕಂತಲೇ ಉದ್ದ ಮಾಡಿ. "ಅಕ್ಕ" ಅನ್ನೋದನ್ನ ಮಾಮೂಲಿ ಹೇಳಿದ್ರೆ ಆ ಪೆಟ್ಟಿಗೆ ದನಿ ಅಷ್ಟು ಬೇಗ ಕೆಳಗಿಳಿಯಲ್ಲ, ಹಿಂದಿನ ಅ-ಕಾರದ ಬಾಲ ಬಂದು ತಡೆಯನ್ನ ಮುಚ್ಚಿಬಿಡತ್ತೆ, "ಅಕ" ಅಂತ ಆಗತ್ತೆ. ದೀರ್ಘ ಹ್ರಸ್ವ ಮಾತ್ರ ಚೆನ್ನಾಗಿ ಉಳಿಯತ್ತೆ, ಅದರ ಮೇಲೆ ಆಟ ಆಡಿ. ಮಹಾಪ್ರಾಣ ಮರೆತುಬಿಡಿ. ಸ ಶ ಎಲ್ಲಾ ಯಾವ ಪೆಟ್ಟಿಗೆ ಅನ್ನೋದ್ರ ಮೇಲಿರತ್ತೆ, ಕೆಲವು ಪೆಟ್ಟಿಗೇಲಿ ಆ ಬುಸ್ ಅನ್ನೋ ಭಾಗವನ್ನ ಮೈಕಿಂದ ನೇರ ಹೊರಗೆ ಬಿಡ್ತಾರಂತೆ, ಕೆಲವದ್ರಲ್ಲಿ ನಾಯ್ಸ್ ಸೇರಿಸ್ತಾರಂತೆ, ಏನೂ ಇಲ್ದೇ ಇದ್ರೆ "ಸಾಗರ" ಹೋಗಿ "ಆಗರ" ಆಗತ್ತೆ. ಭಾವ ತುಂಬಿ ಹಾಡ್ಬೇಡಿ. ಒಂದೇ ಮಟ್ಟದಲ್ಲಿ, ಮಕ್ಕಳಿಗೆ ಉಕ್ತಲೇಖನ ಹೇಳೋ ಹಾಗೆ ಬಿಡಿಬಿಡಿಯಾಗಿ ಹೇಳಿ, ಮೈಕಿಗೆ ತುಟಿ ತಾಗೋ ಹಾಗೆ. ನನ್ನ ದನಿಗೆ ಅವರು ಮೊದ್ಲು ಕಂಪ್ರೆಸರ್ (ಜೋರು ಮೆಲ್ಲಗೆ ಎಲ್ಲಾ ಸಮ ಮಾಡೋದು) ಹಾಕಿದ್ಮೇಲೇ ಸರಿಯಾದದ್ದು.

ಇನ್ನೊಂದು ನನ್ನ ಹುಚ್ಚು. ಕೀಬೋರ್ಡ್ ಬದ್ಲು ಒಂದ್ಸಲ ನನ್ನ ಶ್ರುತಿಪೆಟ್ಟಿಗೆ ಚುಚ್ಚಿದ್ವಿ, ನಮ್ಮ ಬೆಂಗಳೂರಿನ ರಾಡೆಲ್‌ದೇ. ಸ-ಪ-ಸ ಅಷ್ಟೇ ಇರೋದು, ಆದ್ರೆ ನಾನು ಒಂದು ಶ್ಲೋಕ ಮೆಲ್ಲಗೆ ಹೇಳಿದಾಗ ಶ್ರುತಿನೇ ಬಾಯಿ ಬಿಟ್ಟು ಹೇಳಿದ ಹಾಗಾಯ್ತು. ಮೈ ಜುಮ್ ಅಂತು. ಅದು ರೆಕಾರ್ಡಿಂಗಲ್ಲಿ ಉಳೀಲಿಲ್ಲ, ನಿರ್ಮಾಪಕರಿಗೆ ಹೆದರಿಕೆ ಆಯ್ತಂತೆ.

ಕಂಪ್ಯೂಟರ್_ಸಾಕು_ಗುರು:

ಸರಿ ಸೋತೆ. ಆದ್ರೂ ಒಂದು ಡೌಟು. 1998ರ ಶೆರ್ ಹಾಡು ಬಿಲೀವ್, ಅದು ವೋಕೋಡರ್ ಅಲ್ವಾ? ಅದ್ರಲ್ಲಿ ಸ್ವರ ಅವಳ್ದೇ ಇದೆಯಲ್ಲ.

ಮೂಲೆಮನೆ_ಫಿಲ್ಟರ್:

ಅದು ಆಟೋ-ಟ್ಯೂನು. ಹಾಡು ಮಾಡ್ದೋರೇ ಗುಟ್ಟು ಬಿಡ್ಬಾರ್ದು ಅಂತ ಮೊದ್ಲು ಡಿಜಿಟೆಕ್ ಟಾಕರ್ ಪೆಡಲ್ ಅಂತ ಹೇಳಿದ್ರು, ಅದ್ಕೇ ಇವತ್ತಿಗೂ ಜನ ವೋಕೋಡರ್ ಅಂತಾರೆ. 1997ರಲ್ಲಿ ಬಂದ ಸಾಫ್ಟ್‌ವೇರು, ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ಎಣ್ಣೆ ಕಂಪ್ನಿಗಳಿಗೆ ಭೂಮಿಯೊಳಗಿನ ಪ್ರತಿಧ್ವನಿ ಲೆಕ್ಕ ಹಾಕ್ತಿದ್ದೋನು. ಅದು ನಿನ್ನ ಸ್ವರ ಬಿಸಾಕಲ್ಲ, ಎಳೆದು ಹತ್ರದ ಮನೆಗೆ ತಂದು ಕೂರಿಸತ್ತೆ. ಆಂಟಾರೆಸ್ ಎಟಿಆರ್-1 ಅಂತ ಅದ್ರದ್ದೂ ರ‍್ಯಾಕ್ ಪೆಟ್ಟಿಗೆ ಇದೆ. ತೋಡಿ ಗಾಂಧಾರಕ್ಕೆ ಅದನ್ನ ಜೋರಾಗಿ ಹಾಕಿದ್ರೆ ಗಮಕ ಮೆಟ್ಟಿಲಾಗತ್ತೆ, ರಿ-ಗ-ಮ-ಗ-ರಿ ಅಂತ ಹಾರ್ಮೋನಿಯಂ ಕಲಿಯೋ ಮಗು ನುಡಿಸ್ದ ಹಾಗೆ. ಅದೂ ಒಂದು ಎಫೆಕ್ಟೇ ಬಿಡು.

ತಾರಸಿ_ತಂಬೂರಿ, ಎರಡು ತಿಂಗಳಾದ್ಮೇಲೆ:

ತಡವಾಯ್ತು ಕ್ಷಮಿಸಿ. ಮೊದ್ಲು ಬೆಂಗಳೂರಿಗೆ ಹೋಗಿ ವೋಕಲಿಸ್ಟ್ ನೋಡಿದ್ವಿ. ಹಂಸಧ್ವನೀಲಿ ರಿ ಹಾಡಿದೆ, ಮ ಬಂತು, ಅಕ್ಕ ಎದ್ದು ಹೊರಗೆ ಹೋದ್ಲು. ಡಿವಿಪಿ-1 ನಿಜಕ್ಕೂ ಚೆನ್ನಾಗಿತ್ತು, ಒಂದು ಕ್ಷಣ ಮನಸ್ಸು ಜಾರಿತ್ತು, ಆದ್ರೆ ವಯಲಿನ್ ತಲೇಲಿ ಕೂತ್ಬಿಟ್ಟಿತ್ತಲ್ಲ.

ಜಪಾನಿನೋರಿಗೆ ಹುಬ್ಬಳ್ಳಿ ಸರ್ ಹೇಳಿದ ಪರೀಕ್ಷೆ ಬರ್ದು ಕಳಿಸ್ದೆ. ಪಾಪ ಅಂಗಡೀಲಿ ಎರಡು ಮೊಬೈಲ್ ಹಿಡ್ಕೊಂಡು ನಿಂತು ವಿಡಿಯೋ ಕಳ್ಸಿದ್ರು. ಮಳೆ ಸದ್ದು ಏರ್ತಾ ಏರ್ತಾ ಬಂದು ಏಳ್ನೇ ಮೆಟ್ಟಿಲಲ್ಲಿ ಪೂರ್ತಿ ಮಾಯ, ಆಮೇಲೆ ಎಂಟರಿಂದ ಮತ್ತೆ ಶುರು. ಅದನ್ನ ತೋರಿಸಿದ್ಮೇಲೆ ಅಂಗಡಿಯೋರು ತಲೆ ತಗ್ಗಿಸಿ ಒಳ್ಳೇ ರೇಟ್ ಇಳ್ಸಿದ್ರಂತೆ. ಪೆಟ್ಟಿಗೆ ಬಂತು, ಕಸ್ಟಮ್ಸ್ ಕಥೆ ಬೇಡ. 100 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಸುತ್ತಿಸ್ದೆ. ಏಳ್ನೇದು ಸತ್ತಿರ್ಲಿಲ್ಲ, ಆ ಬ್ಯಾಂಡಿನ ಸ್ಲೈಡರ್ ಕೊಳೆ ಹಿಡ್ದಿತ್ತು ಅಷ್ಟೇ, ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು ಒಂದು ಐವತ್ತು ಸಲ ಮೇಲೆ ಕೆಳಗೆ ಎಳೆದ್ಮೇಲೆ ಕೆರ್ರ್ ಅಂತ ಬಂದು ಆಮೇಲೆ ಸಾಫ್.

ಮೊದಲ ರಿಹರ್ಸಲ್ ಕೆಟ್ಟದಾಗಿ ಹೋಯ್ತು ಅಂತ ಹೇಳ್ಬೇಕು. ಅಕ್ಕ ಬಿಲ್ಲು ತಿರುಗಿಸೋ ಜಾಗ, ನಾನು ಉಸಿರು ತಗೊಳೋ ಜಾಗ ಬೇರೆ ಬೇರೆ, ಅರ್ಧ ಅಕ್ಷರ ನುಂಗಿ ಹೋಗ್ತಿತ್ತು. ಆಮೇಲೆ ಇಬ್ರೂ ಎದುರುಬದುರು ಕೂತು ಸಾಹಿತ್ಯದ ಮೇಲೆ ಪೆನ್ಸಿಲಲ್ಲಿ ಬಿಲ್ಲಿನ ಗುರುತು ಹಾಕಿದ್ವಿ, ಪದದ ಮಧ್ಯ ಬಿಲ್ಲು ತಿರುಗ್ಬಾರ್ದು ಅಂತ. ಕೀಬೋರ್ಡಿಂದ ಕೆಳಗಿನ ಸ ಸಣ್ಣಗೆ. ನಾನು ಒಂದೇ ಸ್ವರದಲ್ಲಿ ಉಕ್ತಲೇಖನ ಹೇಳ್ದೆ. ಅವಳು ಗಾಂಧಾರ ಹಿಡ್ದು ತೂಗಿದ್ಲು ನೋಡಿ, ಸ್ಪೀಕರಿಂದ ನನ್ನ ಮಾತು ತೋಡೀಲಿ ಬಂತು. ನನ್ನ ಗಂಟಲಿಗೆ ಜನ್ಮದಲ್ಲಿ ಬರದ ಗಮಕ! ಡ್ರಮ್ಮರ್ ಕೋಲು ಕೆಳಗಿಟ್ಟು ಸುಮ್ನೆ ಕೂತಿದ್ದ.

ಪಲ್ಲವೀಲಿ "ಬಾಳು" ಅಂತ ಇದ್ದಿದ್ದನ್ನ ಮಾತ್ರ "ಬದುಕು" ಮಾಡ್ಕೊಂಡ್ವಿ, ಅದು "ಬಾಲು" ಆಗ್ತಿತ್ತು, ನಮ್ಮ ಬೇಸ್ ಹೊಡಿಯೋನ ಹೆಸ್ರು ಬಾಲು.

ಈಗ ಒಂದೇ ತೊಂದ್ರೆ, ಸಣ್ಣಗೆ ಗುಂಯ್ ಅಂತ ಹಮ್ ಬರ್ತಿದೆ. ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿದಾಗಿಂದ.

ಹುಬ್ಬಳ್ಳಿ_ಸೋಲ್ಡರ್:

ಆ ಡಬ್ಬಿ ಎಲ್ಲಿ ಇಟ್ಟೀರಿ? ವೋಕೋಡರ್ ನೆತ್ತಿ ಮ್ಯಾಲೆ ಇಟ್ಟೀರೇನು?

ತಾರಸಿ_ತಂಬೂರಿ:

...ಹೌದು ಸರ್.

ಹುಬ್ಬಳ್ಳಿ_ಸೋಲ್ಡರ್:

ಕೆಳಗ ಇಳಿಸ್ರಿ ಮಾರಾಯ್ರ. ಒಂದು ಮೀಟರ್ ದೂರ, ನೆಲದ ಮ್ಯಾಲೆ. ಪಿಕಪ್ಪಿನ ಪ್ರೀಆಂಪ್‌ನೂ ಅದರ ಬಾಜೂಕ ಇಡಬ್ಯಾಡ್ರಿ.